ಚಿಕ್ಕಪ್ಪ ಕಂಡುಹಿಡಿದ ಎರಡು ಅಮೆರಿಕ

ನನ್ನ ಚಿಕ್ಕಪ್ಪನಷ್ಟು ಅಮೆರಿಕವನ್ನು ಬಲ್ಲವರು ಅಮೆರಿಕದಲ್ಲೂ ಇರಲಿಕ್ಕಿಲ್ಲ. ಅವರು ಅಲ್ಲಿಗೆ ಕಾಲಿಟ್ಟಿಲ್ಲ ಎನ್ನುವುದು ಬೇರೆ ಮಾತು. ಕಾರ್ಕಳದಿಂದ ಬಂದು ಗಲ್ಫಿನ ನಿಜ್ವಾ ಎಂಬ ಊರಿನ ಟೈರ್ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿ ಕೂತವರು, ಕೂತಲ್ಲೇ ಆ ದೇಶವನ್ನು ಉತ್ತರ, ದಕ್ಷಿಣ ಎಂದು ಎರಡು ಹೋಳು ಮಾಡಿದರು. ಅದೂ ಒಂದು ಬೀಗದ ಕೈಯ ಸಲುವಾಗಿ!

ಚಿಕ್ಕಮ್ಮನಿಗೆ ಹೃದಯದ ಆಪರೇಷನ್ ಆಗಿತ್ತು. ಚಿಕ್ಕಪ್ಪ ಅಂಗಡಿಗೆ ಹೋದರೆ ಹಗಲಿಡೀ ಮನೆಯಲ್ಲಿ ಅವರೊಬ್ಬರೇ. ತಲೆ ಸುತ್ತಿ ಬಿದ್ದರೆ ಬಾಗಿಲು ತೆಗೆಯುವವರು ಯಾರು? ಇನ್ನೊಂದು ಕೀ ನಂಬುವಂಥವರ ಕೈಯಲ್ಲಿರಬೇಕು. ಅಕ್ಕಪಕ್ಕದ ಫ್ಲ್ಯಾಟುಗಳಲ್ಲಿದ್ದವರು ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸುವ ಇಬ್ಬರು ಅಮೆರಿಕನ್ ಮೇಡಂಗಳು.

"ಇಬ್ಬರಿಗೂ ಒಂದೊಂದು ಕೊಡಿ ಚಿಕ್ಕಪ್ಪ" ಎಂದೆ ನಾನು.

"ಇವಳು ನೋಡ್ತಾಳೆ ಅಂತ ಅವಳು, ಅವಳು ನೋಡ್ತಾಳೆ ಅಂತ ಇವಳು. ಕಡೆಗೆ ಯಾರೂ ಬರುದಿಲ್ಲ ಮಾರಾಯ್ತಿ. ಒಬ್ಬರಿಗೇ ಕೊಡ್ಬೇಕು. ಯಾರಿಗೆ ಅಂತ ನೋಡುವ."

ನೋಡಿದರು. ಹೇಗೆ ಅಂತೀರಿ? ನಮ್ಮ ಕರಾವಳಿಯವರಿಗೆ ಊರು ಕೇಳುವ ಚಟ ಇದೆಯಲ್ಲ, ಉಡುಪಿ ಎಂದರೆ ಉಡುಪಿಯಲ್ಲಿ ಎಲ್ಲಿ, ಇಂಥ ಪೇಟೆ ಎಂದರೆ ಪೇಟೆಯ ಯಾವ ಬದಿ, ಕೊನೆಗೆ ಯಾರ ಮನೆಯ ಹಿಂದೆ ಎಂಬಲ್ಲಿಗೆ ಮುಟ್ಟಿದ ಮೇಲೆಯೇ ನಮಗೆ ಉಸಿರು. ಚಿಕ್ಕಪ್ಪ ಇದೇ ತನಿಖೆಯನ್ನು ಲಿಫ್ಟಿನೊಳಗೆ ಆ ಹೆಂಗಸರ ಮೇಲೆ ನಡೆಸಿದರು. ಪಕ್ಕದಲ್ಲಿದ್ದ ನನಗೆ ಲಿಫ್ಟ್ ಒಮ್ಮೆ ಮೇಲೆ ಮುಟ್ಟಬಾರದೇ ಅನ್ನಿಸಿತ್ತು.

ಒಬ್ಬಾಕೆ ಜಾರ್ಜಿಯಾದವರು. ದಕ್ಷಿಣ. ಲಿಫ್ಟ್ ಮೇಲೆ ಮುಟ್ಟುವುದರೊಳಗೆ ಊರು, ಚರ್ಚು, ಅಜ್ಜಿಯ ತವರು, ತಮ್ಮನ ಮಂಡಿನೋವು ಎಲ್ಲ ಹೇಳಿ ಚಿಕ್ಕಮ್ಮನ ಆರೋಗ್ಯವನ್ನೂ ವಿಚಾರಿಸಿದರು. ಇನ್ನೊಬ್ಬಾಕೆ ಮೇನ್ ಎಂಬ ಹಿಮದ ರಾಜ್ಯದವರು, ಅದೂ ಆಮೇಲೆ ತಿಳಿದದ್ದು. "ಉತ್ತರ" ಎಂದರು. ತಮ್ಮ ಫ್ಲ್ಯಾಟಿನ ಬಾಗಿಲು ಹಾಕಿಕೊಂಡರು. ಚಿಕ್ಕಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಊರು ಕೇಳಿದರೆ ದಿಕ್ಕು ಹೇಳುವ ಜನ ಉಂಟಾ ಲೋಕದಲ್ಲಿ?

ಆಮೇಲೆ ಬಂತು ಚಿಕ್ಕಪ್ಪನ ಮನೆಯಲ್ಲಿ ಶುಕ್ರವಾರದ ರಜೆಯ ಊಟ. ನಾನು ನನ್ನ ಮನೆಯಿರುವ ದಾರ್ಸೈಟಿನಿಂದ ಕಾರು ಓಡಿಸಿಕೊಂಡು ಹೋಗಿದ್ದೆ. ಇಬ್ಬರೂ ಬಂದಿದ್ದರು. ಜಾರ್ಜಿಯಾ ಮೇಡಂ ತಂದ ಐಸ್ ಟೀಯಲ್ಲಿ ಸಕ್ಕರೆ ಎಷ್ಟಿತ್ತೆಂದರೆ ಚಮಚ ನೆಟ್ಟಗೆ ನಿಲ್ಲುತ್ತಿತ್ತು. ಮೇನ್ ಮೇಡಂ ಮುಟ್ಟಲಿಲ್ಲ, ಸಕ್ಕರೆಯಿಲ್ಲದ ಚಹಾ ಬೇಕೆಂದರು. ಸರಿ, ಉತ್ತರದವರಿಗೆ ಸಿಹಿ ಆಗದು ಎಂದು ಚಿಕ್ಕಪ್ಪ ತೀರ್ಮಾನಿಸುವಷ್ಟರಲ್ಲಿ ಅದೇ ಮೇನ್ ಮೇಡಂ ತಾವು ಮಾಡಿದ ಮೆಕ್ಕೆಜೋಳದ ಬ್ರೆಡ್ ಮುಂದಿಟ್ಟರು. ತಿಂದರೆ ಸಿಹಿಯೋ ಸಿಹಿ! ಈಗ ಮುಖ ಹಿಂಡಿದ್ದು ಜಾರ್ಜಿಯಾದವರು. "ಇದು ಬ್ರೆಡ್ ಅಲ್ಲ, ಕೇಕ್. ನಮ್ಮಲ್ಲಿ ಇದಕ್ಕೆ ಸಕ್ಕರೆ ಹಾಕಿದರೆ ಅಜ್ಜಿ ಮನೆಗೆ ಸೇರಿಸುವುದಿಲ್ಲ."

"ಚಹಾಕ್ಕೆ ಬೇಡದ ಸಕ್ಕರೆ ರೊಟ್ಟಿಗೆ ಬೇಕು! ರೊಟ್ಟಿಗೆ ಬೇಡದ್ದು ಚಹಾಕ್ಕೆ ಬೇಕು!" ಚಿಕ್ಕಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇವರು ಒಂದೇ ದೇಶ ಅಂತ ಹೇಗೆ ಬದುಕ್ತಾರೆ?"

ಕೈ ತೊಳೆಯುವಾಗ ಇನ್ನೊಂದು ಆಘಾತ ಕಾದಿತ್ತು. ಫ್ಲೋರಿಡಾ ಎಂಬ ರಾಜ್ಯ ನಕ್ಷೆಯಲ್ಲಿ ತೀರಾ ಕೆಳಗಿದ್ದರೂ ಅಲ್ಲಿ ದಕ್ಷಿಣಕ್ಕೆ ಹೋದಷ್ಟೂ ಚಳಿ ತಪ್ಪಿಸಿಕೊಂಡು ಬಂದು ನೆಲೆಸಿದ ಉತ್ತರದವರೇ ಸಿಗುತ್ತಾರಂತೆ, ನಿಜವಾದ ದಕ್ಷಿಣ ಬೇಕಾದರೆ ಉತ್ತರಕ್ಕೆ ಹೋಗಬೇಕಂತೆ. ಅಪರೂಪಕ್ಕೆ ಇಬ್ಬರು ಮೇಡಂಗಳೂ ಇದನ್ನು ಒಪ್ಪಿದರು. ಚಿಕ್ಕಪ್ಪ ಆ ದಿನ ಮಧ್ಯಾಹ್ನ ಮಲಗಲೇ ಇಲ್ಲ.

ಕೀ ಹೋದದ್ದು ದಕ್ಷಿಣಕ್ಕೆ. ನಗುತ್ತಾರೆ, ಮಾತಾಡುತ್ತಾರೆ, ಕಂಡಾಗಲೆಲ್ಲ ಚಿಕ್ಕಮ್ಮನನ್ನು ಕೇಳುತ್ತಾರೆ. ಇನ್ನೇನು ಬೇಕು?

ಒಂದು ಸೋಮವಾರ ಚಿಕ್ಕಪ್ಪನ ಫೋನ್ ಬಂತು. ಚಿಕ್ಕಮ್ಮ ಬಚ್ಚಲಿನಲ್ಲಿ ಕುಸಿದು ಬಿದ್ದಿದ್ದಾರೆ. ನಿಜ್ವಾದ ಆಸ್ಪತ್ರೆ ಮುಟ್ಟುವವರೆಗೆ ನಾನು ಕಾರು ಎಲ್ಲೂ ನಿಲ್ಲಿಸಲಿಲ್ಲ. ಹೋಗಿ ನೋಡಿದರೆ ಚಿಕ್ಕಮ್ಮ ಕಣ್ಣು ಬಿಟ್ಟು ಮಲಗಿದ್ದರು. ಜಾರ್ಜಿಯಾ ಮೇಡಂ ಎಲ್ಲರಿಗೂ ಆಗುವಷ್ಟು ಊಟ ತಂದು, ಚಿಕ್ಕಪ್ಪನ ಕೈ ಹಿಡಿದು ಅಳುತ್ತಿದ್ದರು. "ನಾನು ಕ್ಲಾಸಿನಲ್ಲಿದ್ದೆ. ಈಗ ತಾನೇ ತಿಳಿಯಿತು."

ಹಾಗಾದರೆ ಬಾಗಿಲು ತೆಗೆದವರು ಯಾರು?

ಗೋಡೆಗೊರಗಿ ನಿಂತಿದ್ದ ಮೇನ್ ಮೇಡಂ ಜೇಬಿನಿಂದ ಚಿಕ್ಕಪ್ಪನ ಮನೆಯ ಕೀ ತೆಗೆದು ತೋರಿಸಿದರು. "ನಿಮ್ಮ ಹೆಂಡತಿ ಕೊಟ್ಟದ್ದು" ಎಂದು ಹೇಳಿ, ಕ್ಲಾಸಿದೆಯೆಂದು ಹೊರಟೇಬಿಟ್ಟರು. ಚಿಕ್ಕಪ್ಪ ಕುರ್ಚಿ ಹುಡುಕಿ ಕೂತರು.

"ಅವಳು ದಿನಾ ಮಧ್ಯಾಹ್ನ ಬರ್ತಾಳೆ" ಎಂದರು ಚಿಕ್ಕಮ್ಮ ಸಣ್ಣ ಸ್ವರದಲ್ಲಿ. "ಬಂದು ಕೂತು ಪೇಪರ್ ತಿದ್ದುತ್ತಾಳೆ. ಮಾತಿಲ್ಲ. ನಾನು ಮಲಗ್ತೇನೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅವಳ ಊರು ಹುಡುಕ್ಲಿಕ್ಕೆ ಹೊರಡ್ತಿದ್ರಿ. ಅವಳು ಬರುದು ನಿಲ್ಲಿಸ್ತಿದ್ಲು."

ನನಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ.

"ಒಬ್ಬಳೇ ಕಣ್ಣು ಮುಚ್ಲಿಕ್ಕೆ ಹೆದರಿಕೆ ಆಗ್ತಿತ್ತು. ಮಲಗಿದ್ರೆ ಏಳ್ತೇನೋ ಇಲ್ವೋ ಅಂತ. ಯಾರಾದ್ರೂ ಕೋಣೆಯಲ್ಲಿ ಇದ್ರೆ ಸಾಕಿತ್ತು. ನಿಮ್ಮ ಹತ್ರ ಹೇಗೆ ಹೇಳುದು? ನೀವು ಕೆಲಸ ಬಿಟ್ಟು ಬಂದು ಕೂರ್ತಿದ್ರಿ."

ಚಿಕ್ಕಪ್ಪ ಏನೋ ಕೇಳಲು ಬಾಯಿ ತೆರೆದರು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅವರು ಬಾಯಿ ತೆರೆದು ಪ್ರಶ್ನೆ ಕೇಳದೆ ಮುಚ್ಚಿದ್ದು ಅಂದೇ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ನೀನು ಮಲಗು" ಎಂದರು. "ನಾನಿದ್ದೇನೆ. ಎಂತದೂ ಮಾತಾಡುದಿಲ್ಲ."