ಮೊದಲ ಟಿಕೆಟ್ ಯಾರದು?

ಸ್ಟೇಷನ್ ಮಾಸ್ತರರ ಗ್ರಹಚಾರ ಕೆಟ್ಟಿದ್ದು ಬೆಳಗಿನ ಒಂದು ಫೋನಿನಿಂದ.

"ನಿಮ್ಮ ಸ್ಟೇಷನ್ನಿಗೆ ನೂರು ವರ್ಷ ಆಯ್ತಲ್ಲ, ಅದರ ಚರಿತ್ರೆ ಬರೆದಿಡಿ. ಸಂಜೆ ಗಾಡಿಗೆ ಬರ್ತೀನಿ. ಚೆನ್ನಾಗಿದ್ರೆ ನಿಮ್ಮ ವರ್ಗಾವಣೆಗೆ ಅಲ್ಲೇ ಸಹಿ," ಎಂದರು ದೊಡ್ಡ ಸಾಹೇಬರು.

ವರ್ಗಾವಣೆ! ಟೀಚರ್ ಹೆಂಡತಿ ದೂರದ ಊರಲ್ಲಿ, ಇವರು ಇಲ್ಲಿ. ಆರು ವರ್ಷದಿಂದ ತಾವೇ ಬೇಯಿಸಿ, ಅರ್ಧ ಬೆಂದದ್ದನ್ನು ತಾವೇ ತಿಂದು ಮಾಸ್ತರರಿಗೆ ಸಾಕುಸಾಕಾಗಿತ್ತು. ಹೆಂಡತಿಯ ಊರಿಗೆ ಹೋದರೆ ಸಾಕು ಅಂತ ಜೀವ ಬಾಯಿಬಾಯಿ ಬಿಡುತ್ತಿತ್ತು. ಆದರೆ ಚರಿತ್ರೆ ಎಲ್ಲಿಂದ ತರೋದು? ಹಳೇ ಕಡತಗಳನ್ನೆಲ್ಲ ಗೆದ್ದಲು ಎಂದೋ ಓದಿ ಮುಗಿಸಿತ್ತು.

ಪಾಪ, ಹೋಗಿ ಹೋಗಿ ಕ್ಷೌರಿಕನ ಹತ್ತಿರ ವಿಚಾರಿಸಿದರು.

"ಬರ್ಕೊಳ್ಳಿ ಮಾಸ್ಟ್ರೇ, ಇಲ್ಲಿ ಮೊದಲ ಟಿಕೆಟ್ ತಗೊಂಡಿದ್ದು ನಮ್ಮಜ್ಜ!" ಎಂದ ಅವನು.

ಬರೆದುಕೊಳ್ಳುವಷ್ಟರಲ್ಲಿ ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದ. "ಯಾವನ್ರೀ ಹೇಳಿದ್ದು? ಮೊದಲ ಟಿಕೆಟ್ ನಮ್ಮ ತಾತಂದು!"

ಅವನ ಹಿಂದೆಯೇ ಬಂದ ಹಾಲಿನಮ್ಮ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಇಬ್ಬರೂ ಬುರುಡೆ ಬಿಡ್ತಾರೆ. ಮೊದಲು ತಗೊಂಡಿದ್ದು ನಮ್ಮಜ್ಜಿ. ಎಮ್ಮೆಗೂ ಸೇರಿಸಿ ಎರಡು!"

ಮಧ್ಯಾಹ್ನದ ಹೊತ್ತಿಗೆ ಮೊದಲ ಟಿಕೆಟ್ಟಿಗೆ ಏಳು ಮನೆತನ ಹಕ್ಕುದಾರರು. ದರ್ಜಿ ಕ್ಷೌರಿಕನ ಕಾಲರಿಗೆ ಕೈಹಾಕಿದ. ಯಾರನ್ನು ಬಿಟ್ಟರೂ ಕಷ್ಟ. ಹಾಲಿಲ್ಲ, ಕ್ಷೌರವಿಲ್ಲ, ಷರಟಿಗೆ ಗುಂಡಿಯೂ ಇಲ್ಲ. ಮಾಸ್ತರರು ಕಣ್ಣುಮುಚ್ಚಿ ಬರೆದೇಬಿಟ್ಟರು: 'ಮೊದಲ ದಿನ ಟಿಕೆಟ್ ಕಿಟಕಿಯೊಳಗೆ ಏಳು ಕೈಗಳು ಒಟ್ಟಿಗೇ ತೂರಿ ಸಿಕ್ಕಿಕೊಂಡವು. ಬಿಡಿಸುವಷ್ಟರಲ್ಲಿ ಗಾಡಿ ಹೋಗಿತ್ತು.'

ಸಂಜೆ ಗಾಡಿ ನಿಂತ ಐದು ನಿಮಿಷದಲ್ಲೇ ಸಾಹೇಬರು ಅದನ್ನು ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸಹಿ ಹಾಕಿದರು. "ನಾಳೆಯೇ ಹೋಗಿ ಹಾಜರಾಗಿ. ಬೇಡ ಅನ್ನೋದಿದ್ರೆ ಈಗಲೇ ಹೇಳಿ. ಗಾಡಿ ಹೊರಟ ಮೇಲೆ ಬದಲಿಸೋ ಜಾಯಮಾನ ನಂದಲ್ಲ."

"ಬೇಡ ಅಂತೀನಾ ಸಾರ್!" ಮಾಸ್ತರರು ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಸಾಹೇಬರು ಹೋಗಿ ಮುಂದಿನ ಬೋಗಿ ಹತ್ತಿದರು.

ಅಷ್ಟರಲ್ಲಿ ಹಿಂದಿನ ಬೋಗಿಯಿಂದ ಟ್ರಂಕು, ಹಾಸಿಗೆ ಸಮೇತ ಇಳಿದವಳು ಯಾರು? ಸಾಕ್ಷಾತ್ ಹೆಂಡತಿ!

"ಇಲ್ಲಿಯ ಶಾಲೆಗೇ ವರ್ಗ ಆಯ್ತು ರೀ! ಇನ್ನು ಮೂರು ವರ್ಷ ಅಲ್ಲಾಡೋ ಹಾಗಿಲ್ಲ. ನಿಮಗೆ ಹೇಳದೆ ಇವರೇ ನಮ್ಮ ಇಲಾಖೆ ಕಚೇರಿಗೆ ಓಡಾಡಿ ಮಾಡಿಸಿದ್ದು," ಎಂದು ಟ್ರಂಕು ಇಳಿಸಲು ಬಂದಿದ್ದ ಕ್ಷೌರಿಕನನ್ನೂ ಹಾಲಿನಮ್ಮನನ್ನೂ ತೋರಿಸಿದಳು. ಇಬ್ಬರೂ ಹಲ್ಲುಕಿರಿದರು.

ಮಾಸ್ತರರು ಸಹಿಯಾದ ಕಾಗದವನ್ನೊಮ್ಮೆ ನೋಡಿದರು. "ಸಾರ್! ವರ್ಗ ಬೇಡ ಸಾರ್! ನಿಲ್ಲಿ!" ಎಂದು ಕೈ ಬೀಸುತ್ತಾ ಇಂಜಿನ್ನಿನ ಕಡೆ ಓಡಿದರು. ಆ ಕೈಯಲ್ಲಿ ಹಸಿರು ಬಾವುಟ ಇದ್ದದ್ದು ಅವರಿಗೆ ಮರೆತೇಹೋಗಿತ್ತು. ಡ್ರೈವರ್ ನೋಡಿದ. ಮಾಸ್ತರರಿಗೆ ಇವತ್ತು ಭಾರಿ ಅವಸರ ಅಂದುಕೊಂಡು ಸೀಟಿ ಊದಿ ಗಾಡಿ ಬಿಟ್ಟೇಬಿಟ್ಟ.

ಹೆಂಡತಿ ಟ್ರಂಕಿನ ಮೇಲೆ ಕೂತು ಕೇಳಿದಳು: "ಅಷ್ಟು ಖುಷಿಯಾಗಿ ಯಾರನ್ನು ರೀ ಕಳಿಸಿಕೊಟ್ರಿ?"