ಲೀಮರ್ ಯಾರ ಕಡೆಯ ನೆಂಟ

ಸಲಹೆ ಪೆಟ್ಟಿಗೆಯಲ್ಲಿ ಒಂದು ಚೀಟಿ ಬಿದ್ದದ್ದೇ ಇಷ್ಟೆಲ್ಲ ರಂಪಕ್ಕೆ ಮೂಲ. 'ಲೀಮರ್ ಕೋತಿ-ಮನುಷ್ಯರಿರುವ ಪ್ರೈಮೇಟ್ ಕುಲದ್ದು. ಅದನ್ನು ನರಿಗಳ ಪಕ್ಕ ಕೂಡಿಹಾಕಿದ ಪುಣ್ಯಾತ್ಮ ಯಾರು?' ಎಂದು ಯಾರೋ ಸೊಟ್ಟಂಬಟ್ಟ ಅಕ್ಷರದಲ್ಲಿ ಬರೆದಿದ್ದರು. ಯಾರೋ ಏನು ಬಂತು, ಲೀಮರ್ ಪಾಲಕನೇ ಎಡಗೈಯಲ್ಲಿ ಗೀಚಿ ಹಾಕಿದ್ದ.

ಪ್ರಾಣಿಸಂಗ್ರಹಾಲಯ ಕಟ್ಟಿದ ಕಾಲದಲ್ಲಿ ಯಾರೋ ದೊಡ್ಡವರು ಆ ಚೂಪು ಮೂತಿ ನೋಡಿ, ಇದು ನರಿಯ ಕಡೆಯದೇ ಎಂದು ತೀರ್ಮಾನ ಮಾಡಿಬಿಟ್ಟಿದ್ದರಂತೆ. ಹಾಗಾಗಿ ಪಟ್ಟೆ ಬಾಲದ ಆರು ಲೀಮರ್‌ಗಳು ಈ ತುದಿಯಲ್ಲಿ. ಕೋತಿ, ಗಿಬ್ಬನ್, ಚಿಂಪಾಂಜಿಗಳಿರುವ ಪ್ರೈಮೇಟ್ ಸಾಲು ಕೊಳದಾಚೆ, ಆ ತುದಿಯಲ್ಲಿ. ಆ ಸಾಲಿನ ಪಾಲಕಿಯೂ ಆ ತುದಿಯಲ್ಲೇ. ಇವನ ಕಾಯಿಲೆ ಅದೇ.

ನಾಲ್ಕು ವರ್ಷದಿಂದ ಅವಳು ಕಣ್ಣಿಗೆ ಬೀಳುತ್ತಿದ್ದದ್ದು ಬೆಳಿಗ್ಗೆ ಏಳಕ್ಕೆ, ಮೇವಿನ ಕೋಣೆಯಲ್ಲಿ ಹಣ್ಣು ಹೆಚ್ಚುವ ಹತ್ತು ನಿಮಿಷ ಮಾತ್ರ. "ಚಾಕು ಕೊಡಿ" ಎಂದು ಅವಳು ಕೇಳಿದರೆ ಅವತ್ತಿಗೆ ಅದೇ ದೊಡ್ಡ ಮಾತು. ಅವಳು ಬಕೆಟ್ ಎತ್ತಿಕೊಂಡು ಹೋದಮೇಲೆ ಇವನಿಗೆ ಉಳಿದ ದಿನವೆಲ್ಲ ಬರೀ ಕಾಯುವುದು. ಸಂಜೆ ಗಾಳಿ ಈ ಕಡೆ ಬೀಸಿದರೆ ಅವಳು ಗಿಬ್ಬನ್‌ಗಳನ್ನು ಗದರುವುದು ಕೇಳಿಸುತ್ತಿತ್ತು. ಪುಣ್ಯ ಮಾಡಿದ ಗಿಬ್ಬನ್‌ಗಳು ಎಂದುಕೊಂಡು ಅವನು ನಿಟ್ಟುಸಿರು ಬಿಡುತ್ತಿದ್ದ.

ಹಾವಿನ ಮನೆ ನೋಡಿಕೊಳ್ಳುವವನಿಗೆ ಇದೆಲ್ಲ ಗೊತ್ತಿತ್ತು. ಪರರ ವಿಷಯದಲ್ಲಿ ಮೂಗು ತೂರಿಸುವುದರಲ್ಲಿ ಅವನದು ಎತ್ತಿದ ಕೈ. ಚೀಟಿಯ ಉಪಾಯವೂ ಅವನದೇ.

"ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ ಅಂದ್ರೆ ಪಕ್ಕದಲ್ಲಾದ್ರೂ ಹೋಗಿ ಕೂತ್ಕೋಬೇಕು ಕಣಯ್ಯಾ. ಲೀಮರ್ ಅಲ್ಲಿಗೆ ಹೋದ್ರೆ ನೀನೂ ಹೋದ ಹಾಗೇ ತಾನೆ?"

ಹತ್ತು ಗಂಟೆಗೆ ನಿರ್ದೇಶಕರು ಚೀಟಿ ಹಿಡಿದು, ಪಶುವೈದ್ಯರನ್ನೂ ಕರೆದುಕೊಂಡು ಲೀಮರ್ ಪಂಜರದ ಬಳಿ ಬಂದರು.

"ಇವತ್ತೇ ಇತ್ಯರ್ಥ ಆಗ್ಬೇಕು. ಹೇಳಿ ಡಾಕ್ಟ್ರೇ, ಇದು ಯಾರ ಕಡೆ ನೆಂಟ?"

"ಮೂಗು ನಾಯಿ ಮೂಗಿನ ಥರ ಒದ್ದೆ ಸಾರ್. ಹಿಂಗಾಲಿನ ಎರಡನೇ ಬೆರಳಲ್ಲಿ ಚೂಪು ಉಗುರು. ಕೋತಿ ಅಂತೂ ಅಲ್ಲ."

ಡಾಕ್ಟರಿಗೆ ಇನ್ನೂ ಹೇಳುವುದಿತ್ತೋ ಏನೋ, ಪಾಲಕ ಬಿಡಬೇಕಲ್ಲ!

"ಆ ಒಂದು ಉಗುರು ಕೂದಲು ಬಾಚ್ಕೊಳ್ಳೋಕೆ ಸಾರ್! ಮಿಕ್ಕಿದ್ದೆಲ್ಲ ನಮ್ಮ ಹಾಗೇ ಚಪ್ಪಟೆ. ಕೋತಿ ಅಲ್ಲ, ನಿಜ. ಆದ್ರೆ ಕೋತಿಗೂ ನಮಗೂ ದೂರದ ದಾಯಾದಿ, ಕುಲ ಒಂದೇ. ಮೂತಿ ನೋಡ್ಬೇಡಿ, ಕೈ ನೋಡಿ!"

"ಕೈಯಲ್ಲೇನಿದೆ?" ಎಂದು ನಿರ್ದೇಶಕರು ಜಾಲರಿಯತ್ತ ಬಾಗಿದರು.

ಬಾಗಿದ್ದೇ ತಪ್ಪಾಯಿತು. ಲೀಮರ್ ಸಂಸಾರದಲ್ಲಿ ಹೆಣ್ಣಿನದೇ ದರ್ಬಾರು. ಗುಂಪಿನ ಹಿರಿಯಕ್ಕ ಜಾಲರಿಯಿಂದ ಕೈ ತೂರಿಸಿ ಅವರ ಟೈ ಹಿಡಿದೆಳೆಯಿತು. ಹಣೆ ಜಾಲರಿಗೆ ಠಣ್ಣೆಂದು ಬಡಿಯಿತು.

"ಅಯ್ಯೋ, ಬಿಡಿಸ್ರಯ್ಯಾ!"

ಹಾವಿನ ಮನೆಯವನು ಎಲ್ಲಿದ್ದನೋ, ಓಡಿಬಂದು ನಿರ್ದೇಶಕರ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದ. ಟೈ ಇನ್ನಷ್ಟು ಬಿಗಿಯಿತು. ಪಾಲಕನ ಜೇಬಿನಲ್ಲಿ ದ್ರಾಕ್ಷಿ ಇತ್ತು, ಎರಡು ತೋರಿಸಿದ್ದರೆ ಹಿರಿಯಕ್ಕ ಟೈ ಬಿಡುತ್ತಿತ್ತು. ಆದರೆ ಅವನ ತಲೆಯಲ್ಲಿದ್ದದ್ದು ಕೊಳದಾಚೆಯ ಸಾಲು.

"ಹೆಬ್ಬೆರಳು ನೋಡಿ ಸಾರ್, ಹೇಗೆ ಸುತ್ತಿ ಹಿಡ್ಕೊಂಡಿದೆ! ನರಿ ಕೈಲಿ ಆಗುತ್ತಾ ಇದು?"

"ಆಗಲ್ಲಪ್ಪಾ, ಆಗಲ್ಲ! ಪ್ರೈಮೇಟೇ!"

ಆಗ ದ್ರಾಕ್ಷಿ ಹೊರಬಂತು. ಟೈ ಬಿಟ್ಟ ರಭಸಕ್ಕೆ ನಿರ್ದೇಶಕರು ಹಾವಿನ ಮನೆಯವನ ಸಮೇತ ನೀರಿನ ತೊಟ್ಟಿಗೆ ಬಿದ್ದರು.

"ಇವತ್ತೇ ಇವನ್ನ ಆ ಸಾಲಿಗೆ ಸಾಗಿಸಿ," ಎಂದು ತೊಟ್ಟಿಯೊಳಗಿಂದಲೇ ಅಪ್ಪಣೆಯಾಯಿತು.

ಪಾಲಕ ತಲೆ ಬಾಚಿ, ಒಗೆದ ಅಂಗಿ ತೊಟ್ಟು, ತನ್ನ ಸಾಮಾನನ್ನೆಲ್ಲ ಕಟ್ಟಿಕೊಂಡ. ಮಧ್ಯಾಹ್ನ ಲೀಮರ್‌ಗಳಿದ್ದ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಹೊರಟಾಗ ಅವನಿಗೆ ನೆಲ ಕಾಣುತ್ತಿರಲಿಲ್ಲ. ನಾಲ್ಕು ವರ್ಷದ ಮಾತು ಒಟ್ಟಿಗೇ ಬಾಯಿಗೆ ಬಂದು ಕೂತಿತ್ತು.

ಅವಳು ನಗುತ್ತಾ ಬಾಗಿಲು ತೆರೆದಳು. ಆರನ್ನೂ ಒಳಗೆ ಬಿಟ್ಟದ್ದಾಯಿತು. ಇವನು ತನ್ನ ಗಂಟನ್ನೂ ಕೆಳಗಿಳಿಸಿದ.

"ಇದೇನು, ಅವುಗಳ ಹಾಸಿಗೆಯಾ?" ಎಂದಳು ಅವಳು.

"ಅಲ್ಲ, ನನ್ನದು. ಇವುಗಳ ಜೊತೆ ನಾನೂ..."

"ಅಯ್ಯೋ, ನಿಮಗೆ ಹೇಳ್ಲಿಲ್ವಾ? ಈ ಸಾಲಿಗೆ ಬಂದ ಪ್ರಾಣಿ ನನ್ನ ಪಾಲಿಗೆ ಅಂತೆ. ನೀವು ಅಲ್ಲೇ ಇರ್ಬೇಕಂತೆ, ನಾಳೆ ಎರಡು ಮುಳ್ಳುಹಂದಿ ಬರ್ತಾವಂತೆ. ನನಗೂ ಕೆಲಸ ಜಾಸ್ತಿ ಆಯ್ತಲ್ಲ, ಹಣ್ಣು ಹೆಚ್ಚಿ ಇಲ್ಲಿಗೇ ಕಳಿಸ್ತಾರಂತೆ. ಇನ್ನು ಬೆಳಿಗ್ಗೆ ಆ ಮೇವಿನ ಕೋಣೆಗೆ ಬರೋ ಗೋಳಿಲ್ಲ, ನೋಡಿ."

ಅಷ್ಟರಲ್ಲಿ ಹಿರಿಯಕ್ಕ, ಹುಟ್ಟಿದಾಗಿನಿಂದ ಪರಿಚಯವಿದ್ದಂತೆ, ಅವಳ ಹೆಗಲೇರಿ ಕತ್ತು ತಬ್ಬಿ ಕೂತಿತು.

"ಹೋಗೋಕ್ಮುಂಚೆ ಹೇಳಿ, ಇವುಗಳನ್ನ ಹೇಗೆ ನೋಡ್ಕೋಬೇಕು?"

"ಹೆಚ್ಚೇನೂ ಬೇಡ," ಎಂದ ಅವನು, ಗಂಟು ಎತ್ತಿಕೊಳ್ಳುತ್ತಾ. "ಒಂಟಿಯಾಗಿ ಬಿಟ್ರೆ ಸೊರಗಿಹೋಗುತ್ತೆ. ಹತ್ರ ಕೂತು ದಿನಕ್ಕೆ ಎರಡು ಮಾತಾಡ್ಸಿದ್ರೂ ಸಾಕು, ಜೀವ ಹಿಡ್ಕೊಂಡಿರುತ್ತೆ."

"ಪಾಪ! ಯಾವುದು, ಈ ದೊಡ್ಡದಾ?"

"ಹ್ಞೂಂ, ಅದೇ," ಎಂದು ಹೇಳಿ ಅವನು ಖಾಲಿ ಗಾಡಿ ತಳ್ಳಿಕೊಂಡು ಹೊರಟ.