ಕುಂಚಿಗೆಗೆ ಬಿದ್ದ ಲುಂಗಿಯ ತೇಪೆ

ಹೊಲಿಗೆ ಹೆಂಗಸರ ಸ್ವತ್ತೇನಲ್ಲ ಎಂದು ಲೋಕಕ್ಕೆ ತೋರಿಸಿಕೊಡಲು ನಾನು ಆರಿಸಿಕೊಂಡದ್ದು ಮೊಮ್ಮಗಳ ತೊಟ್ಟಿಲ ದಿನವನ್ನು!

ನಾಶಿಕದ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಗದ್ದಲ. ನಮ್ಮ ಮರಾಠಿ ಬೀಗರು ವೈಜಾಪುರ ಬಿಟ್ಟಾಗಿತ್ತು. ಆಗ ಹೆಂಡತಿ ಮಹಾದೇವಿ ಪೆಟ್ಟಿಗೆಯಿಂದ ಕೂಸಿನ ಕುಂಚಿಗೆ ತೆಗೆದಳು. ತಲೆಗೆ ಟೊಪ್ಪಿಗೆ, ಬೆನ್ನಿಗೆ ಇಳಿಬಿದ್ದ ಸೆರಗು; ತೀರಿಹೋದ ನಮ್ಮತ್ತೆ ತಮ್ಮ ಮದುವೆಯ ಕುಪ್ಪಸದ ಖಣದಲ್ಲಿ ಹೊಲಿದದ್ದು. ಮಹಾದೇವಿ ತೊಟ್ಟಿದ್ದಳು, ಮಗಳು ತೊಟ್ಟಿದ್ದಳು, ಈಗ ಮೊಮ್ಮಗಳ ಪಾಳಿ. ಸಾಸಿವೆ ಕಾಳಿನಂಥ ಆ ಹೊಲಿಗೆ ನೋಡಿದರೆ ನನಗೂ ಕಣ್ಣು ತುಂಬುತ್ತದೆ. ಆದರೆ ಅಂಚು ಒಂದು ಕಡೆ ಬಿಚ್ಚಿತ್ತು.

"ಹೋಳಿಗಿ ಬೇಯಸ್ಲೋ, ಇದನ್ನ ಹೊಲೀಲೋ?" ಎಂದಳು.

"ಕೊಡು ಇಲ್ಲಿ! ಬ್ಯಾಂಕಿನಾಗ ವೋಚರ್ ಕಟ್ಟು ಹೊಲದ ಕೈ ಇದು. ನಾ ಹಾಕಿದ ಗಂಟು ಆಡಿಟರಗೂ ಬಿಚ್ಚಲಿಕ್ಕೆ ಬಂದಿಲ್ಲ!"

"ಅದಕ್ಕ ಅಂಜಿಕಿ ನನಗ."

ಕುಂಚಿಗೆಯನ್ನು ತೊಡೆಯ ಮೇಲೆ ಹರಡಿಕೊಂಡು, ಹೆಡ್ ಕ್ಯಾಶಿಯರನ ಗಾಂಭೀರ್ಯದಿಂದ ಹೊಲಿದೆ. ಬಟ್ಟೆ ಯಾಕೋ ದಪ್ಪ ಎನಿಸಿತು. ಹಳೇ ಕಾಲದ ಮಾಲು, ಗಟ್ಟಿ ಇರಲೇಬೇಕು ಎಂದು ಮೆಚ್ಚಿಕೊಂಡೆ! ದಾರ ಜಗ್ಗಿ ಗಂಟಿನ ಮೇಲೆ ಗಂಟು ಬಿಗಿದೆ. ಬಾಗಿಲಲ್ಲಿ ಬೀಗರ ದನಿ ಕೇಳಿತು. ಸ್ವಾಗತಿಸಲು ಎದ್ದೆ.

ಕುಂಚಿಗೆಯೂ ಎದ್ದಿತು!

ಅದನ್ನು ನನ್ನ ನೀಲಿ ಚೌಕುಳಿ ಲುಂಗಿಗೇ ಹೊಲಿದುಬಿಟ್ಟಿದ್ದೆ.

ಮಹಾದೇವಿ ಓಡಿ ಬಂದು ಗಂಟಿಗೆ ಕೈಹಾಕಿದಳು. ಹಳೆಯ ಖಣ ಚರ್ ಎಂದಿತು. ಅವಳ ಮುಖ ಬಾಡಿತು. "ನಮ್ಮವ್ವನ ಕೈಯಾಗಿಂದು ಇದೊಂದೇ ಉಳದದ್ರೀ." ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಅವಳು ಕತ್ತರಿ ತಂದಳು. ಅದು ಖಣಕ್ಕಲ್ಲ, ಲುಂಗಿಗೆ! ಗಂಟಿನ ಸುತ್ತ ಕತ್ತರಿಸಿದ ಲುಂಗಿಯ ತುಂಡು ಕುಂಚಿಗೆಯಲ್ಲೇ ಉಳಿಯಿತು.

ಬದಲಿಸೋಣವೆಂದರೆ ನನ್ನ ಪ್ಯಾಂಟೆಲ್ಲ ಬಾಣಂತಿಯ ಕೋಣೆಯಲ್ಲಿ. ಅಲ್ಲಿ ಹೆಂಗಸರ ದಂಡು. ಲುಂಗಿಯ ಕಿಟಕಿಗೆ ಪೇಡೆಯ ತಟ್ಟೆ ಮರೆ ಹಿಡಿದು ನಿಂತೆ.

ಮೊಮ್ಮಗಳು ಮುತ್ತಜ್ಜಿಯ ಖಣ, ಅಜ್ಜನ ಚೌಕುಳಿ ಎರಡನ್ನೂ ತೊಟ್ಟು ತೊಟ್ಟಿಲೇರಿದಳು. ಬೀಗಿತ್ತಿ ತೇಪೆಯ ಮೇಲೆ ಬೆರಳಿಟ್ಟು, ಇದೇನು ನಿಮ್ಮ ಪದ್ಧತಿಯೇ ಎಂದು ಮರಾಠಿಯಲ್ಲಿ ಕೇಳಿದರು. "ಹೇ ಕಾಯ್? ತುಮಚೀ ಪದ್ಧತ್ ಕಾ?"

"ಹೋ! ಅಜ್ಜನ ಲುಂಗಿ ತುಕಡಾ ಹಚ್ಚತೇವ್ರಿ, ಕೂಸಿಗೆ ದೃಷ್ಟಿ ಆಗಬಾರದಂತ," ಎಂದಳು ಮಹಾದೇವಿ, ಅಳುಕದೆ.

ಬೀಗಿತ್ತಿ ತಟ್ಟೆ ಹಿಡಿದ ನನ್ನನ್ನು ದೃಷ್ಟಿಬೊಂಬೆ ನೋಡುವಂತೆ ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಪೂರ್ತಿ ಒಪ್ಪಿಗೆಯಾದಂತೆ ತಲೆಯಾಡಿಸಿದರು!